ಹೊಲ, ಹಿತ್ತಲು, ರಸ್ತೆಯಲ್ಲಿ ಕರಡಿ: ಎದುರಾಗುವ ಮುಂಚಿನಿಂದ ಆಸ್ಪತ್ರೆಯವರೆಗೆ ಮಾಡಬೇಕಾದ್ದು

ಕರಡಿ ಕಂಡರೆ ಓಡಬಾರದು ಎಂದು ಎಲ್ಲರಿಗೂ ಗೊತ್ತು. ಆದರೂ ಓಡುತ್ತಾರೆ. ಗುಂಪು ಸೇರಬೇಡಿ ಎಂದು ಅರಣ್ಯ ಇಲಾಖೆಯವರು ಕೂಗಿ ಕೂಗಿ ಹೇಳಿದರೂ ಅರ್ಧ ಊರು ಮೊಬೈಲ್ ಹಿಡಿದು ಪೊದೆಯ ಸುತ್ತ ನಿಂತಿರುತ್ತದೆ. ತುಮಕೂರು, ಚಿತ್ರದುರ್ಗ, ಬಳ್ಳಾರಿ, ವಿಜಯನಗರ, ಕೊಪ್ಪಳ, ದಾವಣಗೆರೆ, ರಾಮನಗರ, ಅರಸೀಕೆರೆ ಕಡೆಯ ಗುಡ್ಡದ ಸಾಲಿನ ಊರುಗಳಲ್ಲಿ ಇದೇ ತಪ್ಪುಗಳು ಮತ್ತೆ ಮತ್ತೆ ಆಗುತ್ತಿವೆ.

ಕಾರಣ ಸುಲಭ. ನಮಗೆ ಹೇಳಿಕೊಟ್ಟಿರುವುದು ಕೊನೆಯ ಗಳಿಗೆಯ ಪಾಠ ಮಾತ್ರ. ಹತ್ತು ಹೆಜ್ಜೆ ದೂರದಲ್ಲಿ ಕರಡಿ ಎದ್ದು ನಿಂತಾಗ ಪಾಠ ನೆನಪಿಗೆ ಬರುವುದಿಲ್ಲ. ಅಷ್ಟು ಹತ್ತಿರ ಹೋಗದಂತೆ ನೋಡಿಕೊಳ್ಳುವ ಕೆಲಸಗಳು ಅದಕ್ಕೂ ಮುಂಚೆ, ಮನೆ ಬಾಗಿಲಿನಲ್ಲೇ ಶುರುವಾಗುತ್ತವೆ. ಆದ್ದರಿಂದ ಈ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಮಧ್ಯದಿಂದ ಶುರು ಮಾಡಬೇಡಿ.

## ಮೊದಲು ನಮ್ಮ ಕರಡಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಿರಿ

ನಮ್ಮ ಕಡೆಯ ಕರಡಿಗೆ ಮೂಗು ಬಹಳ ಚುರುಕು, ಕಣ್ಣು ಮಂದ. ಹುತ್ತ ಅಗೆದು ಗೆದ್ದಲು ಹೀರುವಾಗ ಅದು ಮಾಡುವ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ. ಆ ಸದ್ದಿನಲ್ಲಿ ಮುಳುಗಿದ ಕರಡಿಗೆ ನಿಮ್ಮ ಹೆಜ್ಜೆ ಕೇಳುವುದಿಲ್ಲ. ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರೆ ನಿಮ್ಮ ವಾಸನೆಯೂ ಸಿಗುವುದಿಲ್ಲ. ತಲೆ ಎತ್ತಿದಾಗ ನೀವು ಎದುರಿಗೇ ಇರುತ್ತೀರಿ. ಹುಲಿ, ಚಿರತೆಗಳ ಜೊತೆ ಬದುಕಿ ಬಂದ ಪ್ರಾಣಿ ಇದು. ಹತ್ತಿರದಲ್ಲಿ ಬೆಚ್ಚಿಬಿದ್ದರೆ ತಿರುಗಿ ಓಡುವುದಕ್ಕಿಂತ ಮೇಲೆ ಬೀಳುವುದೇ ಅದರ ರೂಢಿ. ಮನುಷ್ಯರನ್ನು ತಿನ್ನಲು ಬರುವುದಿಲ್ಲ, ಎದುರಿನ ಅಪಾಯವನ್ನು ದೂರ ಮಾಡಲು ಬರುತ್ತದೆ. ದಾಳಿಗಳಲ್ಲಿ ಜಾಸ್ತಿ ಪಾಲು ಹೀಗೇ ಆಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಯೂಟ್ಯೂಬ್‌ನಲ್ಲಿ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದ ಕಪ್ಪು ಕರಡಿಯ ಬಗ್ಗೆ. ಅದು ಬೇರೆ ಜಾತಿ. ಮನುಷ್ಯರ ಗದ್ದಲ ಕೇಳಿದರೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಮರ ಹತ್ತಿ ಕೂರುತ್ತದೆ. ಅದು ದಾಳಿ ಮಾಡಿದರೆ ಸತ್ತಂತೆ ಬೀಳಬೇಡಿ, ಮುಖಕ್ಕೆ ಹೊಡೆದು ಹೋರಾಡಿ ಎಂದು ಅಲ್ಲಿನವರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲೋ ಕೊಲೊರಾಡೊದಲ್ಲೋ ಇರುವ ನಮ್ಮ ಮಕ್ಕಳಿಗೆ ಆ ಮಾತು ಸರಿ. ಅದನ್ನೇ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ ಇಲ್ಲಿ ಜೀವಕ್ಕೆ ಕುತ್ತು.

## ಕೈಯಲ್ಲಿ ಇರಬೇಕಾದ ಸಾಮಾನು

ದೂರಕ್ಕೆ ಬೆಳಕು ಬಿಡುವ ಟಾರ್ಚ್ ಬೇಕು. ತಲೆಗೆ ಕಟ್ಟಿಕೊಳ್ಳುವಂಥದ್ದಾದರೆ ಇನ್ನೂ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತವೆ. ಮೊಬೈಲ್‌ನ ಟಾರ್ಚ್ ನಾಲ್ಕು ಹೆಜ್ಜೆಗಿಂತ ಆಚೆ ಏನನ್ನೂ ತೋರಿಸುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎದೆಯೆತ್ತರದ ಗಟ್ಟಿ ಕೋಲು ಬೇಕು, ತುದಿಗೆ ದನದ ಕೊರಳಿನ ಗಂಟೆಯನ್ನೋ ನಾಲ್ಕಾರು ಗೆಜ್ಜೆಗಳನ್ನೋ ಕಟ್ಟಿ. ಜೇಬಿನಲ್ಲಿ ಒಂದು ಸೀಟಿ, ಹೆಗಲ ಮೇಲೆ ಒಂದು ಒಗೆದ ಟವೆಲ್ ಇರಲಿ.

ಫೋನಿನಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926, ಆಂಬುಲೆನ್ಸ್ 108, ಪೊಲೀಸರ 112, ಜೊತೆಗೆ ನಿಮ್ಮ ಭಾಗದ ಅರಣ್ಯ ರಕ್ಷಕರ ನಂಬರ್ ಇರಲಿ. ಈ ಕೊನೆಯದ್ದನ್ನು ಇವತ್ತೇ ಕೇಳಿ ಬರೆದುಕೊಳ್ಳಿ. ಕುಡುಗೋಲು, ಕೊಡಲಿ ಕೆಲಸಕ್ಕೆ ಒಯ್ಯಿರಿ. ಕರಡಿಯಿಂದ ಅದು ಕಾಪಾಡುತ್ತದೆ ಎಂಬ ಧೈರ್ಯದಿಂದ ಒಬ್ಬರೇ ಮಾತ್ರ ಹೋಗಬೇಡಿ.

## ಹಂತ 1: ಕರಡಿಯನ್ನು ಕರೆಯುವ ವಾಸನೆಗಳನ್ನು ತೆಗೆಯಿರಿ

ಕರಡಿ ಊರಿಗೆ ಬರುವುದು ಹೊಟ್ಟೆಗಾಗಿ ಮತ್ತು ನೀರಿಗಾಗಿ. ಗುಡ್ಡದಲ್ಲಿ ಕಾರೆ, ಎಲಚಿ, ನೇರಳೆ, ಸೀತಾಫಲ ಕಡಿಮೆಯಾದಾಗ ನಮ್ಮ ಶೇಂಗಾ, ಮೆಕ್ಕೆಜೋಳ, ಮಾವು, ಹಲಸು ಅದಕ್ಕೆ ಸುಲಭದ ಊಟ.

ಮನೆಯ ಹತ್ತಿರದ ಹಲಸು, ಮಾವಿನ ಮರದ ಕೆಳಗೆ ಬಿದ್ದ ಹಣ್ಣನ್ನು ಕತ್ತಲಾಗುವ ಮೊದಲೇ ಆರಿಸಿ. ಹಣ್ಣಾದ ಹಲಸನ್ನು ಮರದಲ್ಲಿ ಬಿಡಬೇಡಿ. ಬೆಲ್ಲ, ಎಣ್ಣೆ, ಹಿಂಡಿ, ದನದ ಬೂಸಾ ಜಗುಲಿಯ ಮೇಲೆ ಇಡದೆ ಒಳಗೆ ಸೇರಿಸಿ. ಮುಸುರೆಯನ್ನು ಹಿತ್ತಲಿಗೆ ಚೆಲ್ಲುವ ಬದಲು ಗುಂಡಿ ತೋಡಿ ಮಣ್ಣು ಮುಚ್ಚಿ. ಹಿತ್ತಲಲ್ಲಿ ದೊಡ್ಡ ಹುತ್ತ ಇದ್ದು ಕರಡಿ ಅಗೆದ ಗುರುತು ಕಂಡರೆ ಸಂಜೆ ಮೇಲೆ ಆ ಕಡೆ ಮಕ್ಕಳನ್ನು ಬಿಡಬೇಡಿ.

ಊರಾಚೆಯ ಗುಡಿಗಳನ್ನು ಜನ ಮರೆತೇಬಿಡುತ್ತಾರೆ. ದೀಪದ ಎಣ್ಣೆ, ಒಡೆದ ತೆಂಗಿನಕಾಯಿ, ಬಾಳೆಹಣ್ಣಿನ ರುಚಿ ಒಮ್ಮೆ ಸಿಕ್ಕರೆ ಕರಡಿ ಬಾಗಿಲು ಮುರಿದು ಮತ್ತೆ ಬರುತ್ತದೆ. ಕರಡಿ ಬಂದು ದೀಪದ ಎಣ್ಣೆ ಕುಡಿದುಹೋಯಿತು ಎಂದು ಊರವರು ಕೈಮುಗಿಯುವುದೂ ಉಂಟು. ಭಕ್ತಿ ಇರಲಿ. ಆದರೆ ಬೆಳಗ್ಗೆ ಐದಕ್ಕೆ ಬಾಗಿಲು ತೆಗೆಯಲು ಹೋಗುವ ಪೂಜಾರಿಯ ಜೀವವೂ ಮುಖ್ಯ ಅಲ್ವಾ? ರಾತ್ರಿ ಪೂಜೆ ಮುಗಿದ ಮೇಲೆ ಎಣ್ಣೆ ಡಬ್ಬ, ಕಾಯಿ ಚೂರು ಯಾವುದನ್ನೂ ಅಲ್ಲಿ ಉಳಿಸಬೇಡಿ. ಶಾಲೆಯ ಅಡುಗೆ ಕೋಣೆ, ಅಂಗನವಾಡಿಯ ದಾಸ್ತಾನಿಗೂ ಇದೇ ನಿಯಮ.

## ಹಂತ 2: ಗುರುತುಗಳನ್ನು ಓದಲು ಕಲಿಯಿರಿ

ಹುತ್ತ ಅಥವಾ ನೆಲದಲ್ಲಿ ಕೊರೆದಂಥ ಆಳದ ಕುಳಿ ಇದ್ದರೆ ಕರಡಿ ಬಂದಿದೆ. ಅಗೆದ ಮಣ್ಣು ಇನ್ನೂ ಹಸಿಯಾಗಿದ್ದರೆ ಈಗಷ್ಟೇ ಬಂದುಹೋಗಿದೆ, ಹತ್ತಿರದಲ್ಲೇ ಇರಬಹುದು. ಹಿಕ್ಕೆಯಲ್ಲಿ ಹಣ್ಣಿನ ಬೀಜ, ಗೆದ್ದಲಿನ ಚೂರು ಕಾಣುತ್ತವೆ. ಹಿಂಗಾಲಿನ ಹೆಜ್ಜೆ ಮನುಷ್ಯನ ಬರಿಗಾಲಿನ ಗುರುತಿನ ಹಾಗೆ ಕಂಡರೂ ಐದು ಬೆರಳೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಮುಂಗಾಲಿನ ಉಗುರುಗಳ ಗುರುತು ಬೆರಳಿಗಿಂತ ಬಹಳ ಮುಂದೆ ಒತ್ತಿರುತ್ತದೆ. ಜೇನು ಕಟ್ಟಿದ ಮರದ ತೊಗಟೆ ಮೇಲೆ ಉದ್ದುದ್ದ ಗೀರುಗಳಿದ್ದರೂ ಅದೇ ಅರ್ಥ.

ಬಂಡೆಗಳ ನಡುವಿನ ಗವಿ, ಒತ್ತಾದ ಲಂಟಾನ, ಬಳ್ಳಾರಿ ಜಾಲಿಯ ಪೊದೆ, ಇವು ಕರಡಿ ಹಗಲು ಮಲಗುವ ಜಾಗಗಳು. ಕುರಿ ಕಾಯುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಮಟಮಟ ಮಧ್ಯಾಹ್ನ ನೀವು ಹುಡುಕುವ ಬಂಡೆಯ ನೆರಳನ್ನೇ ಕರಡಿಯೂ ಹುಡುಕಿರುತ್ತದೆ. ಸುತ್ತ ಬಯಲಿರುವ ಮರದ ಕೆಳಗೆ ಕೂರಿ. ಗವಿಯೊಳಗೆ ಕಲ್ಲು ಎಸೆದು ಪರೀಕ್ಷೆ ಮಾಡಬೇಡಿ.

ನವೆಂಬರ್‌ನಿಂದ ಜನವರಿಯ ಆಸುಪಾಸಿನಲ್ಲಿ ಗವಿಗಳಲ್ಲಿ ಮರಿ ಹಾಕುತ್ತವೆ. ಎರಡು ಮೂರು ತಿಂಗಳಾದ ಮೇಲೆ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೊರಗೆ ಬರುತ್ತದೆ. ಒಂಟಿ ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದೇ ತಿಳಿಯಿರಿ. ಮುಟ್ಟಬೇಡಿ, ಫೋಟೊಗೆ ನಿಲ್ಲಬೇಡಿ, ಬಂದ ದಾರಿಯಲ್ಲೇ ವಾಪಸ್ ಹೋಗಿ ಇಲಾಖೆಗೆ ತಿಳಿಸಿ.

## ಹಂತ 3: ಹೊಲಕ್ಕೆ ಹೋಗುವ ಹೊತ್ತು ಮತ್ತು ರೀತಿ ಬದಲಿಸಿ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಈ ಹಂತ. ಕರಡಿ ಓಡಾಡುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ನಾವು ಮನೆಯಿಂದ ಒಬ್ಬೊಬ್ಬರೇ ಹೊರಬೀಳುವುದೂ ಅದೇ ಹೊತ್ತಿಗೆ: ಮೋಟರ್ ಹಾಕಲು, ನೀರು ತಿರುಗಿಸಲು, ಬಹಿರ್ದೆಸೆಗೆ, ಹಾಲು ಹಾಕಲು.

ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರೈತ ಹೋಗದೆ ಏನು ಮಾಡಬೇಕು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕರಡಿ ಓಡಾಟ ಇರುವ ಹಳ್ಳಿಗಳಿಗೆ ಹಗಲು ಹೊತ್ತಿನಲ್ಲಿ ಕರೆಂಟ್ ಕೊಡಿ ಎಂದು ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿ ವಿದ್ಯುತ್ ಕಂಪನಿಗೆ ಬರೆಯಿರಿ. ಅಲ್ಲಿಯವರೆಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಳ್ಳಿ, ಮನೆಯಲ್ಲೇ ಕೂತು ಫೋನಿನಿಂದ ಮೋಟರ್ ಶುರು ಮಾಡಬಹುದು. ಅದೂ ಆಗದಿದ್ದರೆ ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಟ್ಟಿಗೆ ಹೋಗಿ.

ನಡೆಯುವ ಕ್ರಮ ಹೀಗಿರಲಿ:

1. ಇಬ್ಬರಿಗಿಂತ ಕಡಿಮೆ ಬೇಡ. ಮುಂದೆ ಹೋಗುವವರ ಕೈಯಲ್ಲಿ ಟಾರ್ಚ್, ಹಿಂದಿನವರ ಕೈಯಲ್ಲಿ ಗಂಟೆ ಕೋಲು.
2. ಉದ್ದಕ್ಕೂ ಸದ್ದು ಮಾಡಿ. ಜೋರಾಗಿ ಮಾತಾಡಿ, ಕೋಲು ಕುಟ್ಟಿ, ಫೋನಿನಲ್ಲಿ ಹಾಡು ಹಾಕಿ. ಕಿವಿಗೆ ಇಯರ್‌ಫೋನ್ ಮಾತ್ರ ಬೇಡ, ಅದರ ಸದ್ದು ಕರಡಿಗೆ ಕೇಳುವುದಿಲ್ಲ, ಕರಡಿಯ ಸದ್ದು ನಿಮಗೆ ಕೇಳುವುದಿಲ್ಲ.
3. ಬದು ತಿರುಗುವಾಗ, ಹಳ್ಳ ಇಳಿಯುವಾಗ, ಮೆಕ್ಕೆಜೋಳದ ಸಾಲಿಗೆ ಕಾಲಿಡುವ ಮುನ್ನ ನಿಂತು ಒಮ್ಮೆ ಜೋರಾಗಿ ಕೂಗಿ, ಸ್ವಲ್ಪ ಕಾಯಿರಿ, ಆಮೇಲೆ ಮುಂದೆ ಹೋಗಿ. ಕರಡಿಗೆ ಜಾಗ ಖಾಲಿ ಮಾಡಲು ಸಮಯ ಬೇಕು.
4. ಕೂತು ಅಥವಾ ಬಗ್ಗಿ ಮಾಡುವ ಕೆಲಸದಲ್ಲಿ, ಉದಾಹರಣೆಗೆ ಕಳೆ ಕೀಳುವಾಗ, ಹುಣಸೆ ಆರಿಸುವಾಗ, ಒಬ್ಬರು ನಿಂತು ಸುತ್ತ ನೋಡುತ್ತಿರಲಿ.

ನಾಯಿಯನ್ನು ಜೊತೆಗೆ ಬಿಟ್ಟುಕೊಂಡು ಹೋಗುವುದು ಬೇಡ. ನಾಯಿ ಪೊದೆಗೆ ನುಗ್ಗಿ ಕರಡಿಯನ್ನು ಕೆಣಕುತ್ತದೆ. ಕರಡಿ ತಿರುಗಿಬಿದ್ದಾಗ ಓಡಿ ಬರುವುದು ನಿಮ್ಮ ಕಾಲಬುಡಕ್ಕೇ, ಹಿಂದೆಯೇ ಕರಡಿ.

ಹಂದಿಗೆಂದು ಉರುಲು ಹಾಕುವುದು, ಸಿಡಿಮದ್ದು ಇಡುವುದು, ಬೇಲಿಗೆ ಕರೆಂಟ್ ಕೊಡುವುದು ಕೂಡಲೇ ನಿಲ್ಲಬೇಕು. ಉರುಲಿಗೆ ಸಿಕ್ಕಿ ಗಾಯಗೊಂಡ ಕರಡಿಗಿಂತ ಅಪಾಯದ ಪ್ರಾಣಿ ಇನ್ನೊಂದಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು.

## ಹಂತ 4: ರಸ್ತೆಯಲ್ಲಿ

ಗುಡ್ಡದ ನಡುವಿನ ರಸ್ತೆಯಲ್ಲಿ ರಾತ್ರಿ ಬೈಕ್ ಸವಾರರಿಗೇ ಹೆಚ್ಚು ಅಪಾಯ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಉರುಳುವ ಅಭ್ಯಾಸವನ್ನು ಬಿಡಿ. ಸದ್ದಿಲ್ಲದ ಬೈಕ್ ತಿರುವಿನಲ್ಲಿ ನೇರ ಕರಡಿಯ ಮೇಲೆ ಹೋಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ನವರು ತಿರುವಿಗೆ ಮುಂಚೆ ಹಾರ್ನ್ ಮಾಡಿ, 30ರ ವೇಗದಲ್ಲೇ ಹೋಗಿ.

ಮುಂದೆ ಕರಡಿ ಕಂಡರೆ ದೂರದಲ್ಲೇ ನಿಲ್ಲಿಸಿ. ಎಂಜಿನ್ ಆನ್ ಇರಲಿ, ಲೈಟ್ ಡಿಮ್ ಮಾಡಿ. ಬೈಕ್ ತಿರುಗಿಸಲು ಜಾಗ ಇದ್ದರೆ ನಿಧಾನ ತಿರುಗಿಸಿಕೊಂಡು ಹಿಂದಕ್ಕೆ ಹೋಗಿ. ಪಕ್ಕದಲ್ಲಿ ನುಗ್ಗಿ ದಾಟುವ ಸಾಹಸ ಬೇಡ. ಒಂದು ಕರಡಿ ದಾಟಿದ ಕೂಡಲೇ ಹೊರಡಬೇಡಿ, ಹಿಂದೆ ಮರಿ ಇರಬಹುದು. ಕಾರಿನಲ್ಲಿದ್ದರೆ ಗಾಜು ಏರಿಸಿ ಒಳಗೇ ಇರಿ. ಗುದ್ದಿದ ಕರಡಿ ಸತ್ತಂತೆ ಬಿದ್ದಿದ್ದರೂ ಇಳಿದು ನೋಡಬೇಡಿ. ಮುಂದೆ ಹೋಗಿ ನಿಲ್ಲಿಸಿ, 1926ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ.

## ಹಂತ 5: ದೂರದಲ್ಲಿ ಕಂಡರೆ

ಕರಡಿ ನಿಮ್ಮನ್ನು ಇನ್ನೂ ನೋಡಿಲ್ಲ ಎಂದರೆ ಸದ್ದು ಮಾಡದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಅಲ್ಲಿಯವರೆಗೆ ಸದ್ದು ಮಾಡಿ ಎಂದು ಹೇಳಿದ್ದು ಕರಡಿಗೆ ಮೊದಲೇ ಗೊತ್ತಾಗಲಿ ಎಂದು. ಕಂಡ ಮೇಲೆ ಕೂಗಿ ಬೆಚ್ಚಿಸುವುದರಿಂದ ಲಾಭವಿಲ್ಲ.

ನೋಡಿದೆ ಎಂದರೆ ನಿಲ್ಲಿ. ಅದರ ಕಡೆ ಮುಖ ಇಟ್ಟು, ಮೆಲುದನಿಯಲ್ಲಿ ಮಾತಾಡುತ್ತಾ ಒಂದೊಂದೇ ಹೆಜ್ಜೆ ಹಿಂದೆ ಇಡಿ. ಎರಡು ಕಾಲ ಮೇಲೆ ಎದ್ದು ನಿಂತರೆ ಅದು ದಾಳಿಯಲ್ಲ, ವಾಸನೆ ಹಿಡಿಯುವ, ನೋಡುವ ಪ್ರಯತ್ನ. ಈ ಗಳಿಗೆಯಲ್ಲೇ ಜನ ಹೆದರಿ ಓಡುತ್ತಾರೆ, ಕಲ್ಲು ಎಸೆಯುತ್ತಾರೆ. ಎರಡೂ ತಪ್ಪು. ಅದು ಮನುಷ್ಯರಿಗಿಂತ ಜೋರಾಗಿ ಓಡುತ್ತದೆ. ಮರವನ್ನೂ ಹತ್ತುತ್ತದೆ, ಹಾಗಾಗಿ ಮರ ಹತ್ತಿದರೆ ಬಚಾವ್ ಎಂದುಕೊಳ್ಳಬೇಡಿ. ಗುಡ್ಡದ ಕಡೆಗೆ ಅಥವಾ ಪೊದೆಯ ಕಡೆಗೆ ಅದರ ದಾರಿ ಎಲ್ಲಿದೆ ನೋಡಿ, ಆ ದಾರಿಗೆ ನೀವು ಅಡ್ಡ ಇದ್ದರೆ ಪಕ್ಕಕ್ಕೆ ಸರಿಯಿರಿ.

ಬುಸುಗುಟ್ಟುವುದು, ಗುರ್ ಎನ್ನುವುದು, ನೆಲ ಕೆರೆಯುವುದು, ತಲೆ ತಗ್ಗಿಸಿ ಮುಂದೆ ನುಗ್ಗಿ ನಿಲ್ಲುವುದು, ಇವೆಲ್ಲ ಎಚ್ಚರಿಕೆ. ಇನ್ನೂ ಹತ್ತಿರ ಬರಬೇಡ ಎಂದು ಹೇಳುತ್ತಿದೆ. ಹಿಂದೆ ಸರಿಯುವುದನ್ನು ಮುಂದುವರಿಸಿ.

## ಹಂತ 6: ಮೈಮೇಲೆ ಬಂದರೆ

ಎರಡು ಹೆಜ್ಜೆಯಲ್ಲಿ ಬಾಗಿಲು ಅಥವಾ ಕಾರು ಇದ್ದರೆ ಒಳಗೆ ಹೋಗಿ. ಇಲ್ಲದಿದ್ದರೆ ಕೋಲನ್ನು ಇಬ್ಬರ ನಡುವೆ ಅಡ್ಡ ಹಿಡಿದು ನಿಲ್ಲಿ. ಕರಡಿಗೂ ನಿಮಗೂ ಮಧ್ಯೆ ಏನಾದರೂ ಇರಲಿ, ಕಂಬವೋ ಬೈಕೋ ಚೀಲವೋ.

ಮುಟ್ಟಿಯೇಬಿಟ್ಟಿತು ಎಂದರೆ ತಡಮಾಡದೆ ಬೋರಲು ಬೀಳಿ. ಮುಖ ನೆಲಕ್ಕೆ ಒತ್ತಿ. ಎರಡೂ ಕೈಗಳ ಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಡಿ, ಮೊಣಕೈಗಳಿಂದ ಕಪಾಳ ಮುಚ್ಚಿ. ಕಾಲು ಸ್ವಲ್ಪ ಅಗಲಿಸಿದರೆ ಮಗುಚುವುದು ಕಷ್ಟ. ಮಗುಚಿದರೆ ಮತ್ತೆ ಬೋರಲಾಗಿ. ಈ ಕರಡಿ ಮುಖ, ತಲೆ, ಕಣ್ಣಿಗೇ ಕೈ ಹಾಕುತ್ತದೆ. ಮುಂಗಾಲಿನ ಉಗುರು 6ರಿಂದ 10 ಸೆಂಟಿಮೀಟರ್ ಉದ್ದ. ಬೆನ್ನಿನ ಗಾಯ ವಾಸಿಯಾಗುತ್ತದೆ, ಹೋದ ಕಣ್ಣು ಮರಳಿ ಬರುವುದಿಲ್ಲ. ದಾಳಿ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಕರಡಿ ಬಿಟ್ಟುಹೋದ ಕೂಡಲೇ ಏಳಬೇಡಿ. ಸದ್ದು ಪೂರ್ತಿ ದೂರವಾಗುವವರೆಗೆ ಅಲುಗಾಡದೆ ಇರಿ.

ಜೊತೆಗಿದ್ದವರು ಓಡಿಹೋಗಬಾರದು. ಎಲ್ಲರೂ ಒಟ್ಟಾಗಿ ನಿಂತು ಕಿರುಚಿ, ತಟ್ಟೆ ಬಡಿದು, ಸೀಟಿ ಊದಿ. ಕರಡಿಗೆ ಓಡಿಹೋಗಲು ಒಂದು ಕಡೆ ಬಿಟ್ಟು ಉಳಿದ ಕಡೆಯಿಂದ ಸದ್ದು ಬರಲಿ.

## ಹಂತ 7: ಊರೊಳಗೆ ಹಗಲು ಸಿಕ್ಕಿಬಿದ್ದರೆ

ಬೆಳಕಾಗುವುದರೊಳಗೆ ಗುಡ್ಡಕ್ಕೆ ಮರಳಲಾಗದ ಕರಡಿ ತೋಟದಲ್ಲೋ ಪಾಳು ಮನೆಯಲ್ಲೋ ಅಡಗುತ್ತದೆ. ಅದಕ್ಕೆ ಬೇಕಾದ್ದು ಕತ್ತಲು ಮತ್ತು ಒಂದು ದಾರಿ. ನಾವು ಎರಡನ್ನೂ ಕೊಡುವುದಿಲ್ಲ, ಅಲ್ಲೇ ಅನಾಹುತ ಆಗುತ್ತದೆ.

ಮೊದಲು 1926ಕ್ಕೂ ಅರಣ್ಯ ರಕ್ಷಕರಿಗೂ ಕರೆ ಮಾಡಿ. ಆಮೇಲೆ ಮಕ್ಕಳು, ವಯಸ್ಸಾದವರನ್ನು ಮನೆಯೊಳಗೆ ಸೇರಿಸಿ, ದನಕರು ಬಿಡಬೇಡಿ, ನಾಯಿಗಳನ್ನು ಕಟ್ಟಿ. ಊರಿನ ನಾಲ್ಕು ಹಿರಿಯರು ಜನರನ್ನು ದೂರ ನಿಲ್ಲಿಸುವ ಹೊಣೆ ಹೊರಲಿ. ಪೊಲೀಸರಿಗೂ ಹೇಳಿ, ಗುಂಪು ತಡೆಯಲು ಅವರೇ ಬೇಕು. ಗುಡ್ಡದ ದಿಕ್ಕಿನಲ್ಲಿ ಒಬ್ಬರೂ ನಿಲ್ಲಬಾರದು. ಮನೆಯೊಳಗೆ ನುಗ್ಗಿದ್ದರೆ ಜನರನ್ನು ಬೇರೆ ಬಾಗಿಲಿನಿಂದ ಹೊರಗೆ ಕಳಿಸಿ. ಒಳಗೆ ಯಾರೂ ಇಲ್ಲ ಎಂದು ಖಾತ್ರಿಯಾದರೆ ಹೊರಗಿನಿಂದ ಚಿಲಕ ಹಾಕಬಹುದು, ಆದರೆ ಬಾಗಿಲ ಹತ್ತಿರ ಹೋಗಲು ಅಪಾಯವಿದ್ದರೆ ಹಾಗೇ ಬಿಡಿ.

ಇಲಾಖೆಯವರು ಬಂದ ಮೇಲೆ ಬೇಗ ಮದ್ದಿನ ಸೂಜಿ ಹೊಡೆಯಿರಿ ಎಂದು ಒತ್ತಾಯ ಮಾಡಬೇಡಿ. ಅರಿವಳಿಕೆ ಹತ್ತಲು ನಿಮಿಷಗಳೇ ಬೇಕು, ಅಷ್ಟರಲ್ಲಿ ಹೆದರಿದ ಕರಡಿ ಗುಂಪಿನೊಳಗೇ ನುಗ್ಗಬಹುದು. ಬಾವಿಗೆ ಬಿದ್ದ ಕರಡಿಯ ವಿಷಯದಲ್ಲಂತೂ ಇನ್ನೂ ತಾಳ್ಮೆ ಬೇಕು. 2023ರ ಏಪ್ರಿಲ್‌ನಲ್ಲಿ ಕೇರಳದ ವೆಳ್ಳನಾಡಿನಲ್ಲಿ ಬಾವಿಗೆ ಬಿದ್ದ ಕರಡಿಗೆ ಅರಿವಳಿಕೆ ಕೊಟ್ಟ ಮೇಲೆ ಅದು ನೀರಿನಲ್ಲಿ ಮುಳುಗಿ ಸತ್ತಿತು. ಏಣಿ ಇಳಿಬಿಟ್ಟು, ಜನರನ್ನು ದೂರ ಕಳಿಸಿ, ರಾತ್ರಿ ತಾನೇ ಹತ್ತಿ ಹೋಗಲು ಬಿಡುವುದು ಎಷ್ಟೋ ಕಡೆ ಕೆಲಸ ಮಾಡುವ ದಾರಿ. ಏಣಿ ಇಡುವ ಕೆಲಸ ಮಾತ್ರ ಇಲಾಖೆಯವರದ್ದು.

## ಹಂತ 8: ಗಾಯವಾದರೆ

ಮೊದಲು ರಕ್ತ ನಿಲ್ಲಿಸಿ. ಒಗೆದ ಬಟ್ಟೆಯನ್ನು ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತಲೆಯ ಚರ್ಮ ಕಿತ್ತುಬಂದಿದ್ದರೆ ಕತ್ತರಿಸಬೇಡಿ, ಮೆಲ್ಲಗೆ ಅದರ ಜಾಗಕ್ಕೆ ಮಡಚಿ ಬಟ್ಟೆ ಸುತ್ತಿ. ಕಣ್ಣಿಗೆ ಪೆಟ್ಟಾಗಿದ್ದರೆ ಒತ್ತಲೇಬಾರದು, ಹಗುರವಾಗಿ ಮುಚ್ಚಿ. ಬಾಯಿ, ದವಡೆಯಿಂದ ರಕ್ತ ಬರುತ್ತಿದ್ದರೆ ಅಂಗಾತ ಮಲಗಿಸಬೇಡಿ, ರಕ್ತ ಗಂಟಲಿಗೆ ಇಳಿದು ಉಸಿರು ಕಟ್ಟುತ್ತದೆ. ಮುಂದಕ್ಕೆ ಬಾಗಿಸಿ ಕೂರಿಸಿ, ಪ್ರಜ್ಞೆ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ಹಚ್ಚಬೇಡಿ.

ರಕ್ತ ಹತೋಟಿಗೆ ಬಂದ ಮೇಲೆ ಸಣ್ಣ ಗಾಯಗಳನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ದೊಡ್ಡ ಗಾಯವಿದ್ದರೆ ತೊಳೆಯುತ್ತಾ ಕೂರದೆ 108ರಲ್ಲಿ ಹೊರಡಿ. ಮುಖಕ್ಕೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ಜಿಲ್ಲಾ ಆಸ್ಪತ್ರೆಗೇ ಒಯ್ಯಿರಿ.

ಆಸ್ಪತ್ರೆಯಲ್ಲಿ ಎರಡು ಮಾತು ನೀವೇ ನೆನಪಿಸಿ. ಒಂದು, ಧನುರ್ವಾಯು ಲಸಿಕೆ. ಇನ್ನೊಂದು, ರೇಬಿಸ್. ಕರಡಿ ಕಡಿತಕ್ಕೂ ರೇಬಿಸ್ ಚಿಕಿತ್ಸೆ ಬೇಕು. ಲಸಿಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದನ್ನು ಗಾಯದೊಳಗೆ ಮತ್ತು ಸುತ್ತ ಹಾಕಬೇಕು, ಅದು ಹೊಲಿಗೆಗೆ ಮುಂಚೆ ಆಗಬೇಕು. ಲಸಿಕೆಯ ಮುಂದಿನ ದಿನಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಚರ್ಮದಲ್ಲಿ ಕೊಡುವ ಕ್ರಮದಲ್ಲಿ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ. ಹೊಲಿಗೆ ಬಿಚ್ಚಿದ ಮೇಲೆ ಎಲ್ಲ ಸರಿಹೋಯಿತು ಎಂದು 28ನೇ ದಿನದ್ದನ್ನು ಬಿಡುವವರು ಜಾಸ್ತಿ. ಬಿಡಬೇಡಿ.

## ಹಂತ 9: ಪರಿಹಾರದ ಅರ್ಜಿ

ಗಾಯಕ್ಕೂ ಬೆಳೆ ಹಾನಿಗೂ ಸರ್ಕಾರದ ಪರಿಹಾರವಿದೆ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಆದಷ್ಟು ಬೇಗ ತಿಳಿಸಿ, ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಹಾಳಾದ ಬೆಳೆಯನ್ನು ಹಾಗೇ ಇರಲು ಬಿಡಿ. ಕರಡಿ ಹೆಜ್ಜೆ, ಅಗೆದ ಕುಳಿ, ಮುರಿದ ಬಾಗಿಲಿನ ಫೋಟೊ ತೆಗೆಯಿರಿ. ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಟ್ಟು ತೆಗೆದರೆ ಅಳತೆ ಗೊತ್ತಾಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೆಳೆಯಾದರೆ ಪಹಣಿ, ಗಾಯವಾದರೆ ವೈದ್ಯರ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಪ್ರತಿಯೊಂದು ಬಿಲ್ ಜೋಡಿಸಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ, ಅದರ ನಂಬರ್ ಇಲ್ಲದೆ ಮುಂದೆ ವಿಚಾರಿಸುವುದು ಕಷ್ಟವಾಗುತ್ತದೆ.